ಹಗೇವಿಗೆ ಇಳಿಸಿದ ಮಿಷನ್

೧೨-೬-೮೮, ಜಗಳೂರು. ರಾತ್ರಿ ೨-೧೦

ಕರೆಂಟು ಹೋಗಿ ಬಂತು. ಇವರ ಮಾಸ್ಕ್ ತೆಗೆದು ಮತ್ತೆ ಹಾಕಿದೆ. ಇವತ್ತಿಗೆ ಎರಡನೆಯ ಸಲ. ಕೂಸು ಎದ್ದಿತ್ತು, ಈಗ ಮಲಗಿದೆ. ಮಿಷನ್ ಶುರುವಾಗಿದೆ... ಅದರ ಶಬ್ದಕ್ಕೆ ಕೂಸು ಇನ್ನೇನು ಮತ್ತೆ ಏಳುತ್ತದೆ.

ಮಿಷನ್ ನಿಂತ ತಕ್ಷಣ ಮಾಸ್ಕ್ ತೆಗೆಯಬೇಕು, ಡಾಕ್ಟರು ಮೂರು ಸಲ ಹೇಳಿದ್ದಾರೆ. ಆದ್ದರಿಂದ ಶಬ್ದವಿದ್ದರೆ ನಿದ್ದೆ ಇಲ್ಲ, ಶಬ್ದ ನಿಂತರೆ ಏಳಬೇಕು.

೧೪-೬-೮೮

ದುರುಗಕ್ಕ ಗೋಡೆಯ ಆಚೆಯಿಂದಲೇ ಕೂಗಿದಳು. "ಏನ್ರೀ, ರಾತ್ರಿನೂ ಗಿರಣಿ ನಡಸ್ತೀರಲ್ರೀ! ನಮ್ದೊಂದು ಸೇರು ಜೋಳ ಹಾಕ್ಕೊಡ್ರಿ." ನಕ್ಕಳು. ನಾನೂ ನಕ್ಕೆನೇನೋ.

ಹೇಳಿದರೆ ಅವಳಿಗೆ ಅರ್ಥವಾಗುತ್ತಿತ್ತು.  ಇವರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ. ಗೊರಕೆ, ಆಮೇಲೆ ಏನೂ ಇಲ್ಲ. ಮಿಷನ್ ಬರುವ ಮೊದಲು ಕತ್ತಲಲ್ಲಿ ಎಣಿಸುತ್ತಿದ್ದೆ — ಮೂವತ್ತು, ನಲವತ್ತು — ಆಮೇಲೆ ಬಾವಿಯಲ್ಲಿ ಮುಳುಗಿದವರು ಮೇಲೆ ಬಂದಂತೆ ಒಂದು ಉಸಿರು. ಹಗಲೆಲ್ಲ ತೂಕಡಿಕೆ. ದನದ ಆಸ್ಪತ್ರೆಯ ಕಾಂಪೌಂಡರ್, ಹಳ್ಳಿ ಹಳ್ಳಿ ತಿರುಗುವ ಕೆಲಸ. ಮಾರ್ಚಿನಲ್ಲಿ ನಿದ್ದೆ ಹತ್ತಿ ಬೈಕ್ ಸಮೇತ ಜಾಲಿ ಮುಳ್ಳಿಗೆ ಬಿದ್ದರು. ಬೆಂಗಳೂರಿನ ಡಾಕ್ಟರೊಬ್ಬರು ಹೊರದೇಶದಿಂದ ತಂದ ಮಿಷನ್ ಕೊಟ್ಟರು. ಗಾಳಿ ಎಳೆದು ಪೈಪಿನಲ್ಲಿ ಮೂಗಿಗೆ ಒತ್ತುತ್ತದೆ. ಮೂರು ತಿಂಗಳು ನೋಡಿ ಅಂದರು. ಗುಣ ಕಂಡರೆ ಮತ್ತೆ ಡ್ಯೂಟಿಗೆ ಹೋಗಲು ಚೀಟಿ, ಅಲ್ಲಿವರೆಗೆ ರಜೆ.

ಗುಣ ಕಂಡಿದೆ. ಇವರು ಬೆಳಿಗ್ಗೆ ಹಾಡುತ್ತಾ ಏಳುತ್ತಾರೆ.

೧೯-೬-೮೮

ಮಿಷನ್ ಮೇಲೆ ಕಂಬಳಿ ಹೊದಿಸಿದೆ. ಒಂದು ತಾಸಿಗೆ ಸುಟ್ಟ ವಾಸನೆ. ತೆಗೆದೆ.

ಕೂಸಿಗೆ ಇವತ್ತು ಐದು ತಿಂಗಳು ತುಂಬಿತು. ಹಾಲು ಕುಡಿಸುತ್ತಾ ಕಣ್ಣು ಮುಚ್ಚಿಹೋಯಿತು. ಎಚ್ಚರಾದಾಗ ಕೂಸು ತೊಡೆಯಿಂದ ಅರ್ಧ ಜಾರಿತ್ತು. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿತ್ತು.

ಯಾರಿಗೂ ಹೇಳಿಲ್ಲ.

೨೪-೬-೮೮

ಅತ್ತೆ ನ್ಯಾಮತಿಗೆ ಹೋದರು, ನಾದಿನಿಯ ಬಾಣಂತನಕ್ಕೆ, ಹತ್ತು ದಿನದ ಮಟ್ಟಿಗೆ. ಹೋಗುವ ಮೊದಲು ಪಡಸಾಲೆಯ ಹಗೇವು ತೆಗೆಸಿ ಜೋಳವನ್ನೆಲ್ಲ ಚೀಲಕ್ಕೆ ತುಂಬಿಸಿದ್ದರು. ತಳದಲ್ಲಿ ಒಂದಿಷ್ಟು ಮುಗ್ಗಿದ್ದು ಉಳಿದಿದೆಯಂತೆ. ನೆಲದಡಿ ಆಳುದ್ದದ ಗುಂಡಿ, ಮೇಲೆ ಸಣ್ಣ ಬಾಯಿ. ಬಗ್ಗಿ "ಊ" ಎಂದೆ. ದನಿ ಒಳಗೇ ಉಳಿಯಿತು.

ಮಿಷನ್ ಇದರೊಳಗೆ ಇಟ್ಟರೆ?

೨೫-೬-೮೮

ಇವರಿಗೆ ಹೇಳಿದೆ. ಹುರುಪಾದರು. "ನೀನು ಬಿ.ಎಸ್ಸಿ. ಓದಿದ್ದು ಈಗ ಉಪಯೋಗಕ್ಕೆ ಬಂತು ನೋಡು!" ಪೈಪಿಗೆ ಇನ್ನೊಂದು ಪೈಪ್ ಜೋಡಿಸಿ ಸೈಕಲ್ ಟ್ಯೂಬ್ ಸುತ್ತಿದರು. ಹಗೇವಿನ ಬಾಯಿ ಮುಚ್ಚುವ ಹಲಗೆಯ ಅಂಚಿನಲ್ಲಿ ಪೈಪಿಗೂ ವೈರಿಗೂ ಕಚ್ಚು ಹಾಕಿದರು.

ನಾನು ಇಳಿದು ಇಟ್ಟು ಬರುತ್ತೇನೆ ಎಂದೆ. ಗದರಿದರು. "ಹುಚ್ಚೀನೇ? ಮನುಷ್ಯರು ಇಳಿಯೋ ಜಾಗ ಅಲ್ಲ ಅದು. ಉಸಿರು ಕಟ್ಟಿ ಅಲ್ಲೇ ಕುಂತುಬಿಡ್ತೀಯ. ಹಗ್ಗದಾಗ ಬಿಡಾನ."

"ಮಿಷನ್‌ಗೆ ಏನೂ ಆಗೋದಿಲ್ವಾ?"

"ಅದಕ್ಕೇನು ಮೂಗೈತಾ, ಬಾಯೈತಾ?"

ಇಬ್ಬರೂ ನಕ್ಕೆವು. ಹಾಸಿಗೆ ಪಡಸಾಲೆಗೆ ಬಂತು. ಹಲಗೆ, ಮೇಲೆ ಗೋಣಿಚೀಲ, ಸಂದಿಗೆಲ್ಲ ಹಸಿಮಣ್ಣು. ಕರೆಂಟು ಹೋದರೆ ಹೇಗೆ ಎಂದೆ. "ಗಾಳಿ ಸಿಗದಿದ್ರೆ ನಾನೇ ಕಿತ್ತು ಬಿಸಾಕ್ತೀನಿ ಬಿಡು."

೨೬-೬-೮೮

ಮಲಗಿದೆ. ಒಂಬತ್ತೂವರೆಗೆ ಕಣ್ಣು ಮುಚ್ಚಿದ್ದು. ಐದಕ್ಕೆ ಕೂಸು ಎಬ್ಬಿಸಿತು. ಮಧ್ಯೆ ಏನೂ ಇಲ್ಲ.

ಇವರಿಗೆ ಸ್ವಲ್ಪ ತಲೆನೋವು. "ಮಾಸ್ಕಿನಾಗ ಹಗೇವು ಜೋಳದ ವಾಸನೆ ಕಣೇ. ರಾತ್ರಿಯೆಲ್ಲ ರೊಟ್ಟಿ ತಿಂದಂಗೆ ಆತು."

೨೮-೬-೮೮

ಮಲಗಿದೆ. ಕೂಸೂ ಮಲಗಿತು.

ಬೆಳಿಗ್ಗೆ ಇವರು ವಾಂತಿ ಮಾಡಿದರು. ರಾತ್ರಿಯ ಸಾರು ಹಳಸಿತ್ತೇನೋ. ಅದೇ ಸಾರು ನಾನೂ ಉಂಡಿದ್ದೆ.

೧-೭-೮೮

ಮಲಗಿದೆ.

ಇವರು ಹತ್ತು ಗಂಟೆಗೆ ಎದ್ದರು. ಉಣ್ಣುತ್ತಾ ತೂಕಡಿಸಿದರು, ತುತ್ತು ಕೈಯಲ್ಲೇ. ಮೊದಲಿನ ಹಾಗೇ ಆಗುತ್ತಿದೆ. ತಲೆಗೆ ಬಿಗಿಯಾಗಿ ಟವೆಲ್ ಕಟ್ಟಿಕೊಂಡಿದ್ದಾರೆ. ಪೈಪು ಉದ್ದವಾಗಿ ಒತ್ತಡ ಕಮ್ಮಿಯಾಯಿತೇನೋ. ಡಾಕ್ಟರಿಗೆ ಪತ್ರ ಬರೆಯಬೇಕು.

೨-೭-೮೮

ಬರೆಯಲಿಲ್ಲ. ಬರೆದರೆ ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಾರೆ. ಮತ್ತೆ ಕೋಣೆಗೆ ತರಬೇಕಾಗುತ್ತದೆ.

ಇನ್ನು ಎರಡು ರಾತ್ರಿ ಆಗಲಿ ಎಂದುಕೊಂಡೆ.

೩-೭-೮೮. ಸಂಜೆ

ಅತ್ತೆ ಬಂದರು. ಬಸ್ಸಿನ ಧೂಳು ತೊಳೆಯಲೂ ಇಲ್ಲ. ಮೊದಲು ಮಗನ ಮುಖ ನೋಡಿದರು, ಆಮೇಲೆ ಪೈಪು ಹೋದ ದಾರಿ ನೋಡಿದರು.

"ಯಾರು ಇಳಿದಿದ್ರಿ ಇದ್ರಾಗೆ?"

"ಯಾರೂ ಇಲ್ಲ ಅತ್ತೆ. ಹಗ್ಗದಲ್ಲಿ ಬಿಟ್ಟೆವು."

"ಹೌದಾ. ಇದು ಗಾಳಿ ಎಲ್ಲಿಂದ ಎಳಕಂತೈತೆ?"

ಬಾಯಿ ತೆರೆದೆ. ಉತ್ತರ ಬಾಯಿಯಲ್ಲೇ ಇತ್ತು. ಕೈ ಹಗೇವಿನ ಕಡೆ ತೋರಿಸಿತು.

ಅತ್ತೆ ಮಣ್ಣು ಕೆದಕಿ ಹಲಗೆ ಸರಿಸಿದರು. ಬುಡ್ಡಿದೀಪ ಹಚ್ಚಿ ದಾರ ಕಟ್ಟಿ ಇಳಿಬಿಟ್ಟರು. ಒಂದು ಮೊಳ ಉರಿಯಿತು. ಎರಡನೆಯ ಮೊಳಕ್ಕೆ ಬೆಳಕು ಸಣ್ಣದಾಯಿತು. ಆರಿತು. ಎಳೆದು ಮತ್ತೆ ಹಚ್ಚಿ ಬಿಟ್ಟರು. ಮತ್ತೆ ಅಲ್ಲೇ ಆರಿತು.

"ಪಂಚಾಕ್ಷರಿ, ಎಂಟು ರಾತ್ರಿ ಇದನ್ನ ಉಂಡ್ಯೇನೋ?"

ಇವರು ಗೋಡೆಗೆ ಒರಗಿ ನಗಲು ನೋಡಿದರು. "ಮಿಷನ್‌ಗೆ ಮೂಗಿಲ್ಲ ಅಂದ್ಕಂಡಿದ್ದೆ ಕಣವ್ವ."

ಅತ್ತೆ ನನ್ನ ಕಡೆ ತಿರುಗಿದರು. ಕಾಯುತ್ತಾ ನಿಂತೆ. ಬೈಯಲಿಲ್ಲ. "ಕೂಸನ್ನ ನನ್ನ ಕೈಗೆ ಕೊಡು" ಎಂದರು, ಅಷ್ಟೇ.

೪-೭-೮೮

ಮಿಷನ್ ಮಂಚದ ಪಕ್ಕಕ್ಕೆ ಬಂತು. ರಾತ್ರಿಯೆಲ್ಲ ಗಿರಣಿ. ಇವರು ಬೆಳಿಗ್ಗೆ ತಲೆನೋವಿಲ್ಲದೆ ಎದ್ದರು. ಒಂದೇ ರಾತ್ರಿಗೆ.

ಅತ್ತೆ ಕೂಸನ್ನು ಹಿತ್ತಲ ಕೋಣೆಗೆ ಒಯ್ದಿದ್ದರು. ಹಾಲಿಗೆ ಎರಡೇ ಸಲ ತಂದರು. ಅದು ಅಲ್ಲಿ ಮಲಗಿತು. ಇಷ್ಟು ಸುಲಭವಿತ್ತು. ಕೇಳಬೇಕು ಎಂದು ನನಗೆ ಹೊಳೆದಿರಲಿಲ್ಲ.

೯-೭-೮೮. ರಾತ್ರಿ ೧೧-೪೦

ಡಾಕ್ಟರ ಕಾಗದ ಬಂದಿದೆ. ತಿಂಗಳಿಡೀ ಹೇಗಿತ್ತು, ತಾರೀಖಿನ ಸಮೇತ ಬರೆಯಿರಿ, ಚೀಟಿ ಕೊಡುವುದು ಅದನ್ನು ನೋಡಿಯೇ ಎಂದಿದ್ದಾರೆ. ಇವರು, "ಆ ಎಂಟು ದಿನ ಬಿಟ್ಟು ಬರಿ, ಯಾರಿಗೆ ಗೊತ್ತಾಗ್ತೈತೆ?" ಅಂದರು.

ತಾರೀಖಿಗೆಂದು ಈ ಪುಸ್ತಕ ತೆರೆದೆ. ಇಪ್ಪತ್ತಾರಕ್ಕೆ ತಲೆನೋವು. ಇಪ್ಪತ್ತೆಂಟಕ್ಕೆ ವಾಂತಿ. ಒಂದಕ್ಕೆ ತುತ್ತು ಕೈಯಲ್ಲೇ. ನನ್ನದೇ ಅಕ್ಷರ, ದುಂಡಗಿದೆ. ಪ್ರತಿಯೊಂದರ ಮೇಲೂ ಮಲಗಿದೆ, ಮಲಗಿದೆ ಎಂದಿದೆ. ಕೊಳೆಯುವ ಕಾಳು ಬಿಡುವ ಗಾಳಿಯಲ್ಲಿ ದೀಪ ಯಾಕೆ ಆರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು.

ಗೊತ್ತಿರಲಿಲ್ಲವೇ? ಎರಡನೆಯ ತಾರೀಖಿನದನ್ನು ಮತ್ತೆ ಓದಿದೆ.

ಅಳು ಬರಲಿಲ್ಲ. ಬರಬೇಕಿತ್ತು.

ಎಂಟೂ ರಾತ್ರಿ ಬರೆಯುತ್ತೇನೆ. ಎರಡನೆಯ ತಾರೀಖಿನದನ್ನೂ. ಅದರಿಂದ ಚೀಟಿ ಸಿಗದೆ ಹೋದರೆ ಇವರ ಮುಖ ಹೇಗೆ

ಶಬ್ದ ನಿಂತಿತು. ಇವರ ಮಾಸ್ಕ್ —