ಬಾಯಲ್ಲಿ ಹೇಳಿದ ಅಳತೆ

ನನ್ನ ಮಿಡತೆಗೆ,

ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ಹನ್ನೊಂದು ಜೊತೆ ಶಾಲೆಯ ಸಮವಸ್ತ್ರ ಗುಂಡಿಯ ಕಾಜಾ ಹೊಲಿಯುವುದಕ್ಕೆ ಕಾಯುತ್ತಿವೆ, ಕಾಯಲಿ. ಎದುರಿಗೆ ಹೇಳಹೊರಟರೆ "ಅಮ್ಮ, ಶುರು ಮಾಡಬೇಡ" ಎಂದು ನೀನು ಬಾಯಿ ಮುಚ್ಚಿಸುತ್ತೀಯ, ಇಲ್ಲವೇ ನಾನೇ ಅತ್ತು ಎಲ್ಲ ಕೆಡಿಸುತ್ತೇನೆ. ನಿನ್ನೆ ಜಿಲ್ಲಾ ತಂಡದ ಆಯ್ಕೆಯ ಓಟ ಮುಗಿದ ಮೇಲೆ ನೀನು ಆಡಿದ ಒಂದು ಮಾತಿಗೆ ನಾನು ಜನ್ಮವಿಡೀ ಋಣಿ. ಯಾಕೆ ಅನ್ನುವುದನ್ನು ಮೊದಲಿಂದ ಬರೆಯದೆ ನನಗೆ ಸಮಾಧಾನವಿಲ್ಲ.

ನಿನಗೆ ಗೊತ್ತಲ್ಲ, ನನ್ನ ಕಸುಬಿನಲ್ಲಿ ಒಂದು ಅಭ್ಯಾಸವಿದೆ. ಬ್ಯಾಂಕಿನ ಮೇಡಂ ಅಳತೆಗೆ ಬಂದು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, ಸೊಂಟ ಮೂವತ್ತೆಂಟಿದ್ದರೂ ನಾನು ಬಾಯಲ್ಲಿ ಮೂವತ್ತೇಳು ಎನ್ನುತ್ತೇನೆ. ಪುಸ್ತಕದಲ್ಲಿ ಮೂವತ್ತೆಂಟು ಬರೆದು, ಅದಕ್ಕೇ ಕತ್ತರಿಸುತ್ತೇನೆ. ಬಟ್ಟೆ ಸರಿಯಾಗಿ ಕೂರುತ್ತದೆ, ಅವರ ಮುಖ ಅರಳುತ್ತದೆ, ಯಾರಿಗೂ ನಷ್ಟವಿಲ್ಲ. ಇಪ್ಪತ್ತು ವರ್ಷ ಹೀಗೆ ನಡೆಸಿಕೊಂಡು ಬಂದವಳ ಕೈಗೆ ನೀನು ಸ್ಟಾಪ್‌ವಾಚ್ ಕೊಟ್ಟೆ.

ಕೋಚ್ ಸರ್ ವಾರಕ್ಕೆ ಮೂರು ದಿನ ಬಂದು ತುಂಡು ತುಂಡಾಗಿ ಓಡಿಸುತ್ತಿದ್ದರು. ಪೂರ್ತಿ ಎಂಟುನೂರು ಮೀಟರ್, ಅಂದರೆ ಮೈದಾನದ ಎರಡು ಸುತ್ತು, ಭಾನುವಾರ ಬೆಳಿಗ್ಗೆ ನನ್ನ ಪಾಲಿಗೆ. ನಿನ್ನ ಅಪ್ಪನ ಬಸ್ಸು ಐದಕ್ಕೇ ಹೊರಡುತ್ತಿದ್ದರಿಂದ ಬೇರೆ ಯಾರೂ ಇರಲಿಲ್ಲ. ಎರಡನೆಯ ವಾರವೋ ಏನೋ, ನೀನು ಎರಡು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡಿಗೆ ಬಂದೆ. ಮಂಡಿಯ ಮೇಲೆ ಕೈಯೂರಿ, ಕೂದಲೆಲ್ಲ ಮುಖಕ್ಕೆ ಅಂಟಿಕೊಂಡು, ಎಷ್ಟು ಎಂದು ಕಣ್ಣಲ್ಲೇ ಕೇಳಿದೆ. ನನ್ನ ಬಾಯಿಂದ ತಾನೇ ತಾನಾಗಿ ಇಪ್ಪತ್ತೇಳು ಎಂದು ಬಂತು. ನೀನು ಕುಣಿದುಬಿಟ್ಟೆ. ನಾನು ಮನೆಗೆ ಬಂದು ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಇಪ್ಪತ್ತೊಂಬತ್ತು ಎಂದು ಬರೆದಿಟ್ಟೆ. ಕೈಗೆ ಸುಳ್ಳು ಬರೆದು ಅಭ್ಯಾಸವಿರಲಿಲ್ಲ.

ಎರಡು ಸೆಕೆಂಡು ಮೂರಾಯಿತು, ಮೂರು ನಾಲ್ಕಾಯಿತು. ಕಳೆದ ವರ್ಷದ ಆಯ್ಕೆಯ ಹೊತ್ತಿಗೆ ನೀನು ನಿನ್ನನ್ನು ಎರಡು ನಿಮಿಷ ಇಪ್ಪತ್ತೊಂದು ಸೆಕೆಂಡಿನ ಹುಡುಗಿ ಎಂದು ನಂಬಿಕೊಂಡಿದ್ದೆ. ಆಯ್ಕೆಗೆ ಬೇಕಾಗಿದ್ದದ್ದು ಎರಡು ಇಪ್ಪತ್ತೆರಡು. ಪುಸ್ತಕದಲ್ಲಿ ಇದ್ದದ್ದು ಎರಡು ಇಪ್ಪತ್ತೈದು. ಇನ್ನೊಂದು ತಿಂಗಳಲ್ಲಿ ಇವಳು ನಿಜಕ್ಕೂ ಅಷ್ಟು ಓಡುತ್ತಾಳೆ, ಆಗ ಎಲ್ಲ ಸರಿಹೋಗುತ್ತದೆ ಎಂದು ನಾನು ನನಗೇ ಬೆಣ್ಣೆ ಹಚ್ಚಿಕೊಂಡಿದ್ದೆ.

ಆಯ್ಕೆಯ ದಿನ ನೀನು ಎರಡು ಇಪ್ಪತ್ತನಾಲ್ಕಕ್ಕೆ ಓಡಿದೆ. ಮನೆಗೆ ಬಂದವಳೇ ಶೂಗಳನ್ನು ಅವುಗಳ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಮಂಚದ ಕೆಳಗೆ ಒದ್ದೆ. ಊಟಕ್ಕೆ ಕರೆದರೆ ಬರಲಿಲ್ಲ. ಕೋಚ್ ಸರ್ ಫೋನ್ ಮಾಡಿದರೆ ತೆಗೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ನಾನು ಸೂಜಿಗೆ ದಾರ ಪೋಣಿಸುತ್ತಿದ್ದಾಗ ನೀನು ಬಾಗಿಲಲ್ಲಿ ನಿಂತು ಹೇಳಿದೆ: "ಇಲ್ಲಿ ಆಗೋದು ಅಲ್ಲಿ ಆಗಲ್ಲ ಅಂದ್ರೆ ನಾನು ಪುಕ್ಕಲಿ ಅಂತ ಅರ್ಥ ಅಮ್ಮ. ಓಟ ಬಿಡ್ತೀನಿ."

ಸುಮ್ಮನಿದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ನಾಲ್ಕು ದಿನ ನಾನು ಸುಮ್ಮನಿದ್ದದ್ದೂ ಅದಕ್ಕೇ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಹದಿನೈದು ವರ್ಷದ ಹುಡುಗಿ, ನನ್ನ ಸುಳ್ಳಿನ ಭಾರವನ್ನು ತನ್ನ ಹೇಡಿತನ ಎಂದು ಹೊತ್ತುಕೊಂಡು ನಿಂತಿದ್ದಳು. ಪುಸ್ತಕ ತೆರೆದು ಕೊನೆಯ ಹಾಳೆಯನ್ನು ನಿನ್ನ ಮುಂದಿಟ್ಟೆ. ಭಾನುವಾರ ಭಾನುವಾರದ ನಿಜ ಅಲ್ಲಿತ್ತು. ನೀನು ಬೆರಳಿಟ್ಟು ಓದಿದೆ. ಓದಿ ಮುಗಿಸಿ ಕೇಳಿದೆ.

"ಹಾಗಾದ್ರೆ ಅವತ್ತು ನಾನು ಚೆನ್ನಾಗಿ ಓಡಿದ್ನಾ?"

"ಯಾವತ್ತಿಗಿಂತಲೂ ಚೆನ್ನಾಗಿ."

"ಅದಕ್ಕೆ ನಾನು ನಾಲ್ಕು ದಿನ ಅತ್ತೆ."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನಿನ್ನ ಬದುಕಿನ ಅತ್ಯುತ್ತಮ ಓಟವನ್ನು ನೀನು ಸಂಭ್ರಮಿಸಬೇಕಾಗಿದ್ದ ದಿನವನ್ನು ನಾನು ಕಿತ್ತುಕೊಂಡಿದ್ದೆ. ಆಮೇಲೆ ಹತ್ತು ದಿನ ಮನೆಯಲ್ಲಿ ನಿನ್ನ ಬಾಯಿಗೆ ಬೀಗ. ನಿನ್ನ ಅಪ್ಪ ನಮ್ಮಿಬ್ಬರ ನಡುವೆ ಕುಳಿತು ಉಪ್ಪು ಕೊಡು, ನೀರು ಕೊಡು ಎಂದು ಸುದ್ದಿ ಸಾಗಿಸಿ ಸುಸ್ತಾದರು.

ಹನ್ನೊಂದನೆಯ ದಿನ ನೀನೇ ತೀರ್ಪು ಕೊಟ್ಟೆ. "ಭಾನುವಾರ ನೀನು ಓಡು. ವಾಚ್ ನಾನು ಹಿಡೀತೀನಿ." ನನ್ನ ಮಂಡಿ, ನನ್ನ ಬೆನ್ನು, ಇಪ್ಪತ್ತು ವರ್ಷ ಮಿಷನ್ ಮುಂದೆ ಕುಳಿತೇ ಬೆಳೆಸಿದ ನನ್ನ ಸೊಂಟ, ಎಲ್ಲವನ್ನೂ ಒಂದೊಂದಾಗಿ ಸಾಕ್ಷಿಗೆ ಕರೆದೆ. ನೀನು ಯಾರ ಮಾತೂ ಕೇಳಲಿಲ್ಲ.

ನಾನು ನಿನ್ನ ಅಪ್ಪನ ಹಳೆಯ ಬೂಟು ಹಾಕಿಕೊಂಡು ಒಂದು ಸುತ್ತು ಹೊರಟೆ. ಅರ್ಧ ಓಡಿ, ಅರ್ಧ ನಡೆದು, ಮುಗಿಸುವಷ್ಟರಲ್ಲಿ ಪ್ರಾಣ ಬಾಯಿಗೆ ಬಂದಿತ್ತು. ನೀನು ವಾಚ್ ನೋಡಿ, ಮೈದಾನದಲ್ಲಿ ವಾಕಿಂಗ್ ಬಂದಿದ್ದ ಹಿರಿಯರಿಗೆಲ್ಲ ಕೇಳುವ ಹಾಗೆ "ನಾಲ್ಕು ನಿಮಿಷ ನಲವತ್ತು ಸೆಕೆಂಡು" ಎಂದೆ. ಒಂದು ಸೆಕೆಂಡೂ ಬಿಡಲಿಲ್ಲ, ಪಾಪಿ. ಆದರೆ ಹೇಳಿ ಅಲ್ಲೇ ನಿಲ್ಲಲಿಲ್ಲ ನೀನು. ನೀರಿನ ಬಾಟಲಿ ಹಿಡಿದು ನನ್ನ ಪಕ್ಕದಲ್ಲಿ ಇನ್ನೊಂದು ಸುತ್ತು ನಡೆದೆ, ಉಸಿರು ಮೂಗಿನಲ್ಲಿ ತಗೊ, ಭುಜ ಸಡಿಲ ಬಿಡು ಎಂದು ಕಲಿಸುತ್ತಾ. ಸೋತ ಮುಖ ನೋಡಲಾರದೆ ನಾನು ಸುಳ್ಳು ಹೇಳುತ್ತಿದ್ದೆ. ನಿಜ ಹೇಳಿ ಜೊತೆಗೇ ನಡೆಯಬಹುದು ಎಂದು ನನಗೆ ಯಾಕೆ ಹೊಳೆಯಲಿಲ್ಲವೋ ಕಾಣೆ.

ಆ ವರ್ಷ ನಾವು ಮಾಡಿದ ಕಸರತ್ತು ಒಂದೆರಡಲ್ಲ. ಕತ್ತರಿಸುವ ಮೇಜಿನ ಅಂಚು ಹಿಡಿಸಿ ನೀನು ನನ್ನ ಕೈಲಿ ಬಸ್ಕಿ ಹೊಡೆಸಿದೆ. ತಾರಸಿಯ ಮೇಲೆ ಸ್ಕಿಪ್ಪಿಂಗ್ ಆಡಿಸಿದೆ, ಕೆಳಗಿನ ಮನೆಯವರು ಛಾವಣಿ ಬೀಳುತ್ತದೆ ಎಂದು ದೂರು ತಂದರು. ಪ್ಲ್ಯಾಂಕ್ ಅಂತೆ, ಮೊಣಕೈ ಊರಿ ಹಲಗೆಯ ಹಾಗೆ ಮಲಗಿರುವುದು. ಅದರಲ್ಲಿ ನಾನು ಹನ್ನೆರಡು ಸೆಕೆಂಡಿಗೆ ಕುಸಿದು ನೆಲಕ್ಕೆ ಮುಖ ಕೊಟ್ಟಾಗ ನಾವಿಬ್ಬರೂ ನಕ್ಕ ನಗು ನೆನಪಿದೆಯೇ? ಅವತ್ತಿನಿಂದ ಮನೆಯಲ್ಲಿ ಮತ್ತೆ ಮಾತು ಸರಾಗವಾಯಿತು. ನನ್ನ ಬೆನ್ನುನೋವು ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ಈಗ ಎರಡು ಸುತ್ತು ನಿಲ್ಲದೆ ಓಡುತ್ತೇನೆ, ಐದು ನಿಮಿಷ ಐವತ್ತು. ಬ್ಯಾಂಕಿನ ಮೇಡಂಗೆ ಮಾತ್ರ ಈಗಲೂ ಒಂದಿಂಚು ಕಡಿಮೆ ಹೇಳುತ್ತೇನೆ, ಅವರೇನೂ ಆಯ್ಕೆಗೆ ಓಡಬೇಕಾಗಿಲ್ಲ.

ನಾಲ್ಕು ತಿಂಗಳ ಹಿಂದೆ ನೀನು ವಾಚನ್ನು ಮತ್ತೆ ನನ್ನ ಕೈಗೆ ಕೊಟ್ಟೆ. ಆದರೆ ನಾನು ಅಂಕಿ ಹೇಳಿದ ಮೇಲೂ ನೀನು ಬಗ್ಗಿ ಒಮ್ಮೆ ನೋಡಿಕೊಳ್ಳುತ್ತಿದ್ದೆ. ನಾನು ಬೇಸರಪಡಲಿಲ್ಲ. ನಂಬಿಕೆ ಕೇಳಿ ಪಡೆಯುವ ವಸ್ತುವಲ್ಲ ಎಂದು ನನಗೆ ಅಷ್ಟರಲ್ಲಿ ಅರ್ಥವಾಗಿತ್ತು.

ನಿನ್ನೆ ಕೊನೆಯ ತಿರುವಿನಲ್ಲಿ ನೀನು ಇಬ್ಬರನ್ನು ಹಿಂದೆ ಹಾಕಿ ಬಂದೆ. ನಾನು ವಾಚ್ ಒತ್ತಿ ನೋಡಿದೆ. ಎರಡು ಇಪ್ಪತ್ತಮೂರಕ್ಕೆ ಕೂದಲೆಳೆಯಷ್ಟು ಕಡಿಮೆ. ನಿನ್ನ ಅತ್ಯುತ್ತಮ ಓಟ, ಆದರೂ ಆಯ್ಕೆಯ ಎರಡು ಇಪ್ಪತ್ತೆರಡಕ್ಕೆ ಸಾಲದು. ನೀನು ಬೇಲಿಯ ಹತ್ತಿರ ಬಂದು ಕಂಬಿ ಹಿಡಿದು ನಿಂತೆ. ಫಲಿತಾಂಶದ ಪಟ್ಟಿ ಬರಲು ಇನ್ನೂ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷದ ಸುಖವನ್ನಾದರೂ ಕೊಡೋಣ ಎಂದು ನನ್ನ ಹಳೆಯ ನಾಲಿಗೆಯ ತುದಿಗೆ ಇಪ್ಪತ್ತೊಂದು ಬಂದು ಕುಳಿತಿತ್ತು. ನುಂಗಿಕೊಂಡೆ.

"ಹತ್ತಿರಹತ್ತಿರ ಎರಡು ಇಪ್ಪತ್ತಮೂರು. ಇಷ್ಟು ಚೆನ್ನಾಗಿ ನೀನು ಯಾವತ್ತೂ ಓಡಿಲ್ಲ. ಆದ್ರೆ ಈ ಸಲ ಆಗಲಿಲ್ಲ ಮಗಳೇ."

ನೀನು ತಲೆಯಾಡಿಸಿದೆ. ವಾಚಿಗೆ ಬಗ್ಗಿ ನೋಡಲಿಲ್ಲ. ಹುಲ್ಲಿನ ಮೇಲೆ ಕುಳಿತು, ಅತ್ತು, ಮೂಗು ಒರೆಸಿಕೊಂಡು, ಆಮೇಲೆ ಶೂ ಬಿಚ್ಚತೊಡಗಿದೆ. ಉಳಿದ ಹುಡುಗಿಯರೆಲ್ಲ ಪಟ್ಟಿ ಅಂಟಿಸುವ ಗೋಡೆಯ ಕಡೆ ಓಡುತ್ತಿದ್ದರು. ಕೋಚ್ ಸರ್ ಬಂದು, ಇನ್ನೂ ಫಲಿತಾಂಶವೇ ಬಂದಿಲ್ಲ, ಆಗಲೇ ಯಾಕೆ ಹೊರಟೆ, ಹೋಗಿ ನೋಡು ಎಂದು ಗದರಿದರು. ನೀನು ತಲೆಯೆತ್ತದೆ ಶೂ ದಾರ ಬಿಚ್ಚುತ್ತಲೇ ಹೇಳಿದೆ.

"ನೋಡೋದೇನಿದೆ ಸರ್, ಅಮ್ಮ ಹೇಳಿದ್ದಾಳೆ."

ನಿನ್ನ ದೇಹ ಗಟ್ಟಿಯಾಗಿರಲಿ, ನಿನಗೆ ನಿಜ ಹೇಳುವವರು ಬದುಕಿನುದ್ದಕ್ಕೂ ಸಿಗಲಿ.

ನಿನ್ನ ಹಿಂದೆ ಏದುಸಿರು ಬಿಡುತ್ತಾ ಓಡಿಬರುತ್ತಿರುವ,
ಅಮ್ಮ