ನಡುಸೇತುವೆಯ ಗೂಡು

ಆದವಾನಿ
9-2-2025

ಮಗಳು ಲಾವಣ್ಯಾ,

ನಿನ್ನ ಅಪ್ಪ ಹೊನ್ನೂರಪ್ಪನ ಆಶೀರ್ವಾದ. ಹೊಟ್ಟೆಯಲ್ಲಿರುವ ಕೂಸಿಗೂ ಅದರಲ್ಲಿ ಪಾಲು ಕೊಡು.

ನೀನು ಪತ್ತಿಕೊಂಡಕ್ಕೆ ಹೋಗಿ ಹನ್ನೆರಡು ದಿನವಾಯಿತು. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡೋಣವೆಂದರೆ ನಿನ್ನ ಗಂಡ ನರೇಶ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾನೆ. ಅದಕ್ಕೇ ಬಳೆ ಮಾರುವ ದಸ್ತಗಿರಮ್ಮನ ಕೈಯಲ್ಲಿ ಈ ಕಾಗದ. ಅವನು ತೆಲುಗು ಶಾಲೆಯಲ್ಲಿ ಕಲಿತವನು. ಕನ್ನಡ ಅಕ್ಷರ ಕೂಡಿಸಿಕೊಂಡು ಓದಿದರೆ ಓದಲಿ, ನನಗೇನೂ ಹೆದರಿಕೆಯಿಲ್ಲ.

ನಿಮ್ಮವ್ವ ಕೂಸಿಗೆ ಕೌದಿ ಹೊಲಿಯುತ್ತಿದ್ದಾಳೆ. ಮೊಣಕಾಲು ನೋವು ಹಾಗೇ ಇದೆ. ನನಗೆ ಮಾತ್ರ ಅನ್ನ ಸೇರುತ್ತಿಲ್ಲ ಕಣವ್ವಾ. ತುತ್ತು ಬಾಯಿಗಿಟ್ಟರೆ ನೀನು ಹೋದ ದಿನದ ಕೆಂಪು ಧೂಳಿನ ರುಚಿ ಬರುತ್ತದೆ.

ಏಳು ತಿಂಗಳ ಬಸುರಿ ನಡುಸೇತುವೆಯಿಂದ ಹೊಳೆಗೆ ಉಡಿ ಬಿಡಬೇಕೆಂಬುದು ಹಳಿ ಕೆಲಸದ ನಮ್ಮ ರೈಲ್ವೆ ಗ್ಯಾಂಗಿನ ಮನೆಗಳ ಪದ್ಧತಿ. ನಾನು ರಿಟೈರಾದರೂ ಪದ್ಧತಿ ರಿಟೈರಾಗಲಿಲ್ಲ. ನಾನೇ ಮುಂದೆ ನಿಂತು ನಿನ್ನನ್ನೂ ನರೇಶನನ್ನೂ ನಿಮ್ಮವ್ವನನ್ನೂ ತುಂಗಭದ್ರೆಯ ಸೇತುವೆಗೆ ಕರೆದುಕೊಂಡು ಹೋದೆ. ಹಳಿಯ ಮೇಲೆ ಅಂಗೈ ಇಟ್ಟೆ, ನಡುಕ ಇರಲಿಲ್ಲ. "ನಡೀರಿ, ಯಾವ ಗಾಡಿನೂ ಇಲ್ಲ" ಎಂದೆ. ಗೂಡ್ಸ್ ಗಾಡಿಗೆ ಹೊತ್ತು ಗೊತ್ತಿಲ್ಲವೆಂದು ಮೂವತ್ತು ವರ್ಷ ಹೊಸ ಹುಡುಗರಿಗೆ ಹೇಳಿಕೊಟ್ಟವನು ನಾನೇ!

ನೀನು ಅಕ್ಕಿ, ಉತ್ತತ್ತಿ, ಕುಬಸದ ಕಣ ನೀರಿಗೆ ಬಿಟ್ಟು ಕೈಮುಗಿಯುತ್ತಿದ್ದೆ. ಗಾಡಿ ಬಂದಾಗ ಸರಿದು ನಿಲ್ಲಲು ಸೇತುವೆಯ ಪಕ್ಕಕ್ಕೆ ಅಲ್ಲಲ್ಲಿ ಕಬ್ಬಿಣದ ಗೂಡು ಕಟ್ಟಿದ್ದಾರಲ್ಲ, ನಾನೂ ನಿಮ್ಮವ್ವನೂ ಹಿಂದಿನ ಗೂಡಿನ ಹತ್ತಿರ ಇದ್ದೆವು. ಹಾರ್ನ್ ಕೇಳಿತು. "ಗೂಡಿಗೆ ಸೇರ್ರಿ!" ಎಂದು ಕೂಗಿದೆ. ನಿನ್ನ ಹತ್ತಿರದ ಗೂಡಿಗೆ ನಿನ್ನ ಗಂಡ ಎರಡೇ ಹಾರಿಗೆ ಸೇರಿಬಿಟ್ಟ. ತಿರುಗಿ ನೋಡಲಿಲ್ಲ. ನೀನು ಹೊಟ್ಟೆ ಹಿಡಿದುಕೊಂಡು ಬರುವಷ್ಟರಲ್ಲಿ ಬಾಗಿಲಿಗೆ ಅಡ್ಡ ನಿಂತು ಗಾಡಿಯ ವಿಡಿಯೋ ತೆಗೆಯಲು ಫೋನ್ ಚಾಚಿದ್ದ. "ಒಕ್ಕ ನಿಮಿಷಂ, ಅಡ್ಡ ಬರಬ್ಯಾಡ" ಅಂದನಂತೆ. ನೀನು ಅವನ ಕಂಕುಳ ಕೆಳಗೆ ನುಸುಳಿ ಒಳಗೆ ಕುಸಿದೆ. ಅಷ್ಟರಲ್ಲಿ ಇಂಜಿನ್ ಬಂದೇಬಿಟ್ಟಿತು. ಐವತ್ತೆಂಟು ಡಬ್ಬಿ ಅದಿರು, ನಿನ್ನಿಂದ ಒಂದು ಮೊಳ ದೂರದಲ್ಲಿ. ಸೇತುವೆಯೆಲ್ಲ ಗಡಗಡ ಅಲ್ಲಾಡಿತು. ಗ್ರೀಸಿನ ನಾತದ ಜೊತೆ ಅದಿರಿನ ಕೆಂಪು ಧೂಳು ಬಾಯಿಗೆ ತುಂಬಿತು.

ಥೂ! ಅದಕ್ಕಿಂತ ಹೇಸಿಗೆ ಮುಂದಿದೆ. ಮೊನ್ನೆ ಚಹಾದಂಗಡಿ ಮರಿಬಸಪ್ಪ "ನಿಮ್ಮ ಅಳಿಯನ ವಿಡಿಯೋ ಭಾರಿ ಐತಿ ನೋಡ್ರಿ" ಎಂದು ತೋರಿಸಿದ. ಅದಕ್ಕೊಂದು ಸಿನಿಮಾ ಹಾಡು ಬೇರೆ. ಒಂದು ಮೂಲೆಯಲ್ಲಿ ಹಸಿರು ಬಳೆಯ ಕೈಯೊಂದು ಹಿಡಿಯಲು ಏನಾದರೂ ಸಿಗುತ್ತದೇನೋ ಎಂದು ತಡಕಾಡುತ್ತಿತ್ತು. ನಿನ್ನ ಕೈ. ಚಹಾ ಅಲ್ಲೇ ಚೆಲ್ಲಿ ಬಂದೆ.

ಆವತ್ತು ಕೆಳಗಿಳಿದ ಮೇಲೆ ನನ್ನ ತೋಳು ಹಿಡಿದು ಕೇಳಿದೆಯಲ್ಲ, "ಅಪ್ಪಾ, ಹೆರಿಗಿ ಆಗೋತನ ಇಲ್ಲೇ ಇರ್ಲೇನು?" ಎಂದು. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ. ಸಂಜೆಯ ಬಸ್ಸಿಗೆ ಅವನು ನಿನ್ನನ್ನು ಕರೆದುಕೊಂಡು ಹೋದ.

ಇರು ಮಗಳೇ, ಇಲ್ಲೇ ಇರು. ಆವತ್ತು ಹೇಳಬೇಕಾಗಿದ್ದು ಇದು. ಬರುವ ಸೋಮವಾರ ನಾನೂ ನಿಮ್ಮವ್ವನೂ ಬರುತ್ತೇವೆ. ಬಟ್ಟೆ ಕಟ್ಟಿಟ್ಟುಕೋ. ಅವನು ಏನಾದರೂ ಅಂದರೆ ನನಗೆ ಅನ್ನಲಿ.

ಹೆರಿಗೆಯಲ್ಲಿ ತಾಯಿ ಮಗು ಎರಡೂ ಜೀವ ನೆಟ್ಟಗೆ ಬೇರೆಬೇರೆಯಾಗಿ ನೂರು ಕಾಲ ಬಾಳಲಿ.

ನಿನ್ನ ಅಪ್ಪ,
ಹೊನ್ನೂರಪ್ಪ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ನೀನು ಹೊಟ್ಟೆಯಲ್ಲಿದ್ದಾಗ ಅದೇ ಸೇತುವೆಯ ಮೇಲೆ ಗೂಡ್ಸ್ ಬಂತು, ಅಪ್ಪ ಅವ್ವನನ್ನು ಗೂಡಿನೊಳಗೆ ಎಳೆದುಕೊಂಡು ಉಳಿಸಿದ ಎಂಬ ಕಥೆ ಕೇಳದೆ ಸಣ್ಣವಳಿದ್ದಾಗ ನೀನು ಮಲಗುತ್ತಿರಲಿಲ್ಲ. ಅದು ಸುಳ್ಳು. ನಾನೊಬ್ಬನೇ ಹಾರಿ ಒಳಗೆ ಹೋದೆ. ನಿಮ್ಮವ್ವ ಹೊರಗೆ ಕಬ್ಬಿಣದ ಕಂಬ ತಬ್ಬಿಕೊಂಡು, ಗಾಡಿಯೆಲ್ಲ ಹೋಗುವವರೆಗೆ ಕಣ್ಣು ಮುಚ್ಚಿ ನಿಂತಿದ್ದಳು. ಗ್ಯಾಂಗಿನವರ ಮುಂದೆ ನಾನು ಬೇರೆ ಹೇಳಿದೆ. ಆಕೆ ಒಂದು ದಿನವೂ ಅಲ್ಲವೆನ್ನಲಿಲ್ಲ. ನಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವ ಜಾತಿ ನನ್ನದು.

ನೀವು ಬಸ್ಸು ಹತ್ತಿದ ಮೇಲೆ ನರೇಶನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನಿಮ್ಮವ್ವ ಸೆರಗಿನ ಧೂಳು ಕೊಡವುತ್ತಾ ಒಂದೇ ಮಾತು ಕೇಳಿದಳು: "ಅವನ ಕೈಯಾಗ ಫೋನರೆ ಇತ್ತು. ಆವತ್ತು ನಿಮ್ಮ ಕೈಯಾಗ ಏನಿತ್ರೀ?"