ಹಿಂದಿನ ಮೆಟ್ಟಿಲ ಬಳಿ ನಿಂತವನು

ಬುಧವಾರ, ಮಾರ್ಚ್ ೧೨

ಪ್ರೀತಿಯ ತಮ್ಮನಿಗೆ,

ಮೊನ್ನೆ ಭಾನುವಾರ, ಒಂಬತ್ತನೇ ತಾರೀಖು, ಬೆಳಿಗ್ಗೆ ಹತ್ತೂಕಾಲಿಗೆ, ನೀನು ಪಾದ್ರಿಯಾಗಿರುವ ಚರ್ಚಿನೊಳಗೆ ಒಬ್ಬ ನಿರಪರಾಧಿಯ ಬಲಗೈ ಮುರಿದರು. ಅಂದೇ ಬರೆಯಬೇಕಿತ್ತು. ಮೂರು ದಿನ ಪೆನ್ನು ಹಿಡಿಯಲಾಗಲಿಲ್ಲ, ಕ್ಷಮಿಸು. ನಿನ್ನ ಕೆಮ್ಮು ಹೇಗಿದೆ? ಔಷಧಿ ಬಿಡಬೇಡ.

ಕೆಲಸದ ಬಟ್ಟೆಯಲ್ಲಿ ಬಂದವರು ಬೆಂಚಿನಲ್ಲಿ ಕೂರಬಾರದು, ಹಿಂದಿನ ಮೆಟ್ಟಿಲ ಬಳಿ ನಿಲ್ಲಬೇಕು ಎಂದು ನಿಮ್ಮ ಸಮಿತಿ ತೀರ್ಮಾನಿಸಿ ಹನ್ನೊಂದು ವರ್ಷವಾಯಿತು. ಅಂದು ವಿರೋಧಿಸಿ ಬರೆದವಳು ನಾನೊಬ್ಬಳೇ. ನೀನು ನಕ್ಕು, "ಅಕ್ಕಾ, ಬೆಂಚಿಗೆ ಕಲೆ ಆಗುತ್ತೆ ಅಷ್ಟೇ" ಅಂದಿದ್ದೆ.

ಬಣ್ಣದ ಕಾರ್ಖಾನೆಯ ಹುಡುಗ ಆ ಜಾಗದಲ್ಲೇ ನಿಂತಿದ್ದ. ಬಟ್ಟೆ ಅದ್ದುವ ತೊಟ್ಟಿಯಿಂದ ನೇರವಾಗಿ ಬಂದಿದ್ದ. ಮೊಣಕೈವರೆಗೆ ಕೆಂಪು, ತೋಳು ಇನ್ನೂ ಒದ್ದೆ. ಆರ್ಗನ್ ನುಡಿಸುವ ಅಜ್ಜಿ ಮೆಟ್ಟಿಲ ಮೇಲಿನಿಂದ ಕಾಲು ಜಾರಿ ಉರುಳಿದಾಗ ಹತ್ತಿರವಿದ್ದವನು ಅವನೊಬ್ಬನೇ. ಪ್ರಜ್ಞೆ ತಪ್ಪಿದ್ದ ಮುದುಕಿಯನ್ನು ಎತ್ತಿಕೊಂಡು ಒಳಗೆ ಓಡಿ ಬಂದ. ಅವಳ ಬಿಳಿ ಸೀರೆಯ ತುಂಬಾ ಕೆಂಪು.

"ಕೊಂದ್ಬಿಟ್ಟಿದ್ದಾನೆ, ಹಿಡೀರಿ" ಅಂದವನು ಗುತ್ತಿಗೆದಾರ. ಕೋಟು ಹಾಕಿ ಬರುತ್ತಾನೆಂದು ಅವನಿಗಾಗಿ ಮುಂದಿನ ಬೆಂಚು ಯಾವಾಗಲೂ ಖಾಲಿ ಇಡುತ್ತೀರಲ್ಲ, ಅವನು.

"ಇದು ಬಣ್ಣ ಸಾರ್. ಅಜ್ಜಿ ಬಿದ್ಬಿಟ್ರು, ಮೊದ್ಲು ಡಾಕ್ಟರ್ನ ಕರೀರಿ."

"ಮುಖ ನೋಡಿದ್ರೇ ಗೊತ್ತಾಗುತ್ತಲ್ಲೋ ನೀನೆಂಥವನು ಅಂತ."

ಮೊದಲ ಏಟಿಗೆ ಮೂಗು ಒಡೆಯಿತು. ಅಜ್ಜಿಯನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸುವವರೆಗೆ ಅವನು ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಬೂಟುಗಳು. ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ನಾನು ನುಗ್ಗಿದೆ, ಯಾರದೋ ಮೊಣಕೈ ಬಡಿದು ನನ್ನ ಹಲ್ಲು ಉದುರಿತು. ನೀನು ಬಿಳಿ ನಿಲುವಂಗಿಯಲ್ಲಿ ಪೀಠದ ಹತ್ತಿರ ನಿಂತಿದ್ದೆ. ಅವನು ನಿನ್ನ ಕಡೆ ತಿರುಗಿದ.

"ಅಯ್ಯನವರೇ, ನೀವಾದ್ರೂ ಹೇಳಿ, ನಾನ್ಯಾರು ಅಂತ."

ಹೋದ ವರ್ಷ ಅವನಿಗೆ ದೀಕ್ಷಾಸ್ನಾನ ಕೊಟ್ಟವನು ನೀನು. "ನೆನಪಾಗ್ತಿಲ್ಲ" ಅಂದೆ. ಆಗಲೇ ಗುತ್ತಿಗೆದಾರ ಹಿತ್ತಾಳೆಯ ದೀಪಸ್ತಂಭ ಎತ್ತಿದ್ದು. ಬಲಗೈಯನ್ನು ಬೆಂಚಿನ ಅಂಚಿಗೆ ಒತ್ತಿಹಿಡಿದು ಮೂರು ಸಲ ಹೊಡೆದ. ಆಮೇಲೆ ಹರಿದದ್ದು ನಿಜವಾದ ರಕ್ತ. ಅದು ಆ ಬಣ್ಣಕ್ಕಿಂತ ಕಪ್ಪಗಿತ್ತು.

ಅಜ್ಜಿ ಕಣ್ಣು ಬಿಟ್ಟು, "ಎತ್ಕೊಂಡ್ ಬಂದವ್ನಿಗೇ ಹೊಡೀತಿದ್ದೀರಲ್ರೋ, ಕಣ್ಣು ಕಿತ್ತುಹೋಗಿದ್ಯಾ?" ಅಂದಳು. ಗುತ್ತಿಗೆದಾರ ಟೈ ಸರಿಮಾಡಿಕೊಂಡು, "ಗಲಾಟೇಲಿ ಹೀಗಾಗುತ್ತೆ. ಅವನೂ ಕೈ ತೊಳ್ಕೊಂಡು ಬರಬಹುದಿತ್ತು" ಅಂದ. ನೀನು ಆಶೀರ್ವಾದ ಹೇಳಿ ಎಲ್ಲರನ್ನೂ ಮನೆಗೆ ಕಳಿಸಿದೆ.

ಕೈ ತೊಳೆಯದೆ ಉಂಡ ಶಿಷ್ಯರ ಪರವಾಗಿ ನಿಂತವನು ನಮ್ಮ ಕರ್ತನು. ಕುಷ್ಠರೋಗಿಯನ್ನು ಮುಟ್ಟುವಾಗ ಅವನು ತನ್ನ ಬಟ್ಟೆ ನೋಡಿಕೊಳ್ಳಲಿಲ್ಲ. ಹಿಂದಿನ ಮೆಟ್ಟಿಲ ಬಳಿ ಅವನೇ ಬಂದು ನಿಂತರೂ ನಮ್ಮವರು ದೀಪಸ್ತಂಭ ಹುಡುಕುತ್ತಾರೆ.

ಹುಡುಗ ಬದುಕುತ್ತಾನೆ. ಮೂರು ಬೆರಳು ಇನ್ನು ಮಡಚುವುದಿಲ್ಲವೆಂದು ಡಾಕ್ಟರು ಹೇಳಿದರು. ದೇವರು ನಿನಗೆ ಆರೋಗ್ಯವನ್ನೂ, ಅದಕ್ಕಿಂತ ಮೊದಲು ಧೈರ್ಯವನ್ನೂ ಕೊಡಲಿ.

ನಿನ್ನ ಅಕ್ಕ

ತಾ.ಕ.: ಈ ಮಾತು ಬರೆಯಲಾರದೆ ಮೂರು ದಿನ ತಡವಾಯಿತು. ಎರಡು ತಿಂಗಳ ಹಿಂದೆ ಈ ಹುಡುಗ ನನ್ನ ಮಗಳನ್ನು ಮದುವೆಗೆ ಕೇಳಲು ನಮ್ಮ ಮನೆಗೆ ಬಂದಿದ್ದ. ನಾನು ಆ ಕೈಗಳನ್ನು ನೋಡಿದೆ. ಕುರ್ಚಿ ತೋರಿಸಲಿಲ್ಲ, ಇಂಥ ಕೈಗೆ ಮಗಳನ್ನು ಕೊಡಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದೆ. ಈಗ ಮಗಳು ಆಸ್ಪತ್ರೆಯಲ್ಲಿ ಅವನಿಗೆ ತುತ್ತು ತಿನ್ನಿಸುತ್ತಿದ್ದಾಳೆ. ಮನೆಗೆ ಬಾ ಎಂದರೆ, "ಅಮ್ಮಾ, ಅವರು ದೀಪಸ್ತಂಭದಲ್ಲಿ ಹೊಡೆದ್ರು, ನೀನು ಬಾಯಲ್ಲಿ" ಅಂದಳು.

ಬರುವ ಭಾನುವಾರ ಈ ಕಾಗದವನ್ನು ಪೀಠದಿಂದ ಓದು, ಈ ಸಾಲುಗಳನ್ನೂ ಬಿಡದೆ. ನಾನು ಎದ್ದು ನಿಂತು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆಮೇಲೆ ನೀನು, ಇಡೀ ಸಭೆಯ ಎದುರು, ಹೇಳು: ಅವನು ಯಾರು?